ಗಾಡಿಯ ಭಾರ ಹೊರುವುದು ಗಾಳಿ: ಟಯರಿನ ಒತ್ತಡ ಕಾಯ್ದುಕೊಳ್ಳುವ ಬಗೆ



ಈ ಪುಟದಲ್ಲಿ ಕೆಚ್ಚಲು ಬಾವು, ಬೆದೆಯ ಲಕ್ಷಣ, ಖನಿಜ ಮಿಶ್ರಣ ಮುಂತಾದವುಗಳ ಬಗ್ಗೆ ಓದಿ ನಿಮಗೆ ಅಭ್ಯಾಸವಾಗಿದೆ. ಈ ಸಲ ಟಯರಿನ ಗಾಳಿಯ ಬಗ್ಗೆ ಬರೆಯುತ್ತಿದ್ದೇನೆ. ದನದ ಡಾಕ್ಟರಿಗೆ ಟಯರಿನ ಉಸಾಬರಿ ಏಕೆ ಎಂದು ಕೆಲವರಾದರೂ ನಗಬಹುದು. ನಗುವ ಮೊದಲು ಒಂದು ಸಂಗತಿ ಕೇಳಿ. ಗಾಳಿ ತುಂಬಿದ ಟಯರನ್ನು ಜಗತ್ತಿನಲ್ಲಿ ಬಳಕೆಗೆ ತಂದವರು ಒಬ್ಬ ಪಶುವೈದ್ಯರೇ. ಅವರ ಹೆಸರು ಜಾನ್ ಬಾಯ್ಡ್ ಡನ್‌ಲಪ್. 1840ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯ ವೃತ್ತಿ ನಡೆಸುತ್ತಿದ್ದರು. ಅವರ ಚಿಕ್ಕ ಮಗನಿಗೆ ಮೂರು ಚಕ್ರದ ಸೈಕಲ್ ಇತ್ತು. ಗಟ್ಟಿ ರಬ್ಬರಿನ ಚಕ್ರ ಕಲ್ಲು ಹಾಸಿದ ಬೀದಿಯಲ್ಲಿ ಕಟಕಟ ಎಂದು ಕುಲುಕುತ್ತಿತ್ತು. 1887ರಲ್ಲಿ ಡನ್‌ಲಪ್ ತೆಳು ರಬ್ಬರಿನ ಕೊಳವೆ ಮಾಡಿ, ಅದನ್ನು ಬಟ್ಟೆಯಿಂದ ಮರದ ಗಾಲಿಗೆ ಬಿಗಿದು, ಫುಟ್‌ಬಾಲಿಗೆ ಗಾಳಿ ಹೊಡೆಯುವ ಪಂಪಿನಿಂದ ಗಾಳಿ ತುಂಬಿದರು. ಆಮೇಲೆ ಅಂಗಳದಲ್ಲಿ ಹಳೆಯ ಗಾಲಿಯನ್ನೂ ಹೊಸ ಗಾಲಿಯನ್ನೂ ಒಂದೊಂದಾಗಿ ಉರುಳಿಸಿ ನೋಡಿದರು. ಹಳೆಯದು ಅರ್ಧ ದಾರಿಗೇ ಬಿತ್ತು, ಗಾಳಿಯ ಗಾಲಿ ಅಂಗಳದ ಕೊನೆಯವರೆಗೂ ಓಡಿತು. 1888ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇದೇ ವಿಚಾರಕ್ಕೆ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು 1845ರಲ್ಲೇ ಪೇಟೆಂಟ್ ಪಡೆದಿದ್ದುದು ಬೆಳಕಿಗೆ ಬಂದು ಡನ್‌ಲಪ್ ಅವರ ಪೇಟೆಂಟ್ ರದ್ದಾಯಿತು. ಆದರೂ ಜನರ ಬಾಯಲ್ಲಿ ಉಳಿದದ್ದು ದನದ ಡಾಕ್ಟರ ಹೆಸರೇ.

ಇನ್ನು ನಮ್ಮ ವಿಷಯಕ್ಕೆ ಬರೋಣ. ಒಂದು ಕಾಲಕ್ಕೆ ಸಂಘಕ್ಕೆ ಹಾಲು ಬರುತ್ತಿದ್ದುದು ತಲೆಯ ಮೇಲೆ ಅಥವಾ ಸೈಕಲ್ ಮೇಲೆ. ಈಗ ಸದಸ್ಯರ ಮನೆಗಳಲ್ಲಿ ಬೈಕು, ಮೊಪೆಡ್ಡು, ಸಣ್ಣ ಗೂಡ್ಸ್ ಗಾಡಿ, ಟ್ರ್ಯಾಕ್ಟರ್ ಇವೆ. ಕಾರು ಕೊಂಡವರೂ ಕಡಿಮೆಯಿಲ್ಲ. ಆ ಕಾರಿನಲ್ಲೇ ಹೆಂಡತಿ ಮಕ್ಕಳು ಜಾತ್ರೆಗೆ ಹೋಗುತ್ತಾರೆ, ಅದರಲ್ಲೇ ಪಶು ಆಹಾರದ ಮೂಟೆಯೂ ಬರುತ್ತದೆ. ಗಾಡಿಯನ್ನು ವಾರಕ್ಕೊಮ್ಮೆ ತೊಳೆದು ಹೊಳಪು ಮಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಟಯರಿನ ಗಾಳಿಯನ್ನು ಅಳತೆ ಮಾಡಿ ನೋಡುವವರು ನನಗೆ ಸಿಕ್ಕಿದ್ದು ಬಹಳ ಕಡಿಮೆ.

ಭಾರ ಹೊರುವುದು ಯಾವುದು?

ಕಾರಿನ ಭಾರವನ್ನು ಟಯರಿನ ರಬ್ಬರು ಹೊರುತ್ತದೆ ಎಂದು ಸಾಮಾನ್ಯವಾಗಿ ನಾವು ತಿಳಿದಿರುತ್ತೇವೆ. ರಬ್ಬರು ಬರೀ ಚೀಲ. ಭಾರ ಹೊರುವುದು ಅದರೊಳಗೆ ಒತ್ತಿ ತುಂಬಿದ ಗಾಳಿ. ಲೆಕ್ಕ ಹಾಕಿ ನೋಡಿ. ಜನ ಕುಳಿತ ಒಂದು ಸಣ್ಣ ಕಾರಿನ ತೂಕ 1,000 ಕೆ.ಜಿ. ಎಂದಿಟ್ಟುಕೊಳ್ಳೋಣ. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದೊಂದಕ್ಕೆ 250 ಕೆ.ಜಿ. ಗಾಳಿ ಅಂಗಡಿಯಲ್ಲಿ ಹೇಳುವ 30 ಪೌಂಡ್ ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕೆ.ಜಿ. ಒತ್ತಡ. 250ನ್ನು 2.1ರಿಂದ ಭಾಗಿಸಿದರೆ ಸುಮಾರು 120 ಚದರ ಸೆಂಟಿಮೀಟರ್ ಬರುತ್ತದೆ. ಅಂದರೆ ಒಂದು ಚಕ್ರ ನೆಲಕ್ಕೆ ತಾಗುವ ಜಾಗ ನಿಮ್ಮ ಅಂಗೈಯಷ್ಟು. ನಾಲ್ಕು ಅಂಗೈ ಅಗಲದ ಮೇಲೆ ನಿಮ್ಮ ಇಡೀ ಸಂಸಾರ ಓಡುತ್ತಿದೆ. ಬ್ರೇಕ್ ಹಿಡಿಯುವುದೂ, ತಿರುವಿನಲ್ಲಿ ಜಾರದೆ ನಿಲ್ಲುವುದೂ ಅಷ್ಟೇ ಜಾಗದ ಕೆಲಸ.

ಗಾಳಿ 20 ಪೌಂಡಿಗೆ ಇಳಿಯಿತು ಎನ್ನಿ. ಅದೇ ಭಾರ ಹೊರಲು ಟಯರು ಇನ್ನಷ್ಟು ಚಪ್ಪಟೆಯಾಗಿ ಸುಮಾರು 180 ಚದರ ಸೆಂಟಿಮೀಟರ್ ನೆಲಕ್ಕೆ ಒತ್ತಿಕೊಳ್ಳಬೇಕಾಗುತ್ತದೆ. ಹೆಚ್ಚು ಜಾಗ ತಾಗಿದರೆ ಹಿಡಿತ ಹೆಚ್ಚಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ಗಾಳಿ ಕಡಿಮೆಯಾದ ಟಯರು ತನ್ನ ಎರಡು ಅಂಚುಗಳ ಮೇಲೆ ನಿಲ್ಲುತ್ತದೆ, ನಡುಭಾಗ ಹಗುರವಾಗುತ್ತದೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯ ಮೇಲೆ ವೇಗವಾಗಿ ಹೋದರೆ ಅಂಥ ಟಯರು ನೀರನ್ನು ಒತ್ತಿ ಹೊರಹಾಕಲಾರದೆ ಅದರ ಮೇಲೇ ತೇಲಿಬಿಡುತ್ತದೆ. ಆಗ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ.

ಬಿಸಿಯೇ ಶತ್ರು

ಗಾಳಿ ಕಡಿಮೆಯಾದಾಗ ಆಗುವ ದೊಡ್ಡ ಕೇಡು ಕಣ್ಣಿಗೆ ಕಾಣುವುದಿಲ್ಲ. ಬೇಲಿ ಕಟ್ಟುವ ತಂತಿಯ ಒಂದು ತುಂಡನ್ನು ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಬಗ್ಗಿಸಿ, ಬಗ್ಗಿದ ಜಾಗವನ್ನು ಮುಟ್ಟಿ ನೋಡಿ. ಬೆರಳಿಗೆ ಚುರುಕು ಮುಟ್ಟುತ್ತದೆ. ಇನ್ನೂ ಬಗ್ಗಿಸಿದರೆ ತುಂಡಾಗುತ್ತದೆ. ಟಯರಿನ ಪಕ್ಕೆಗೂ ಇದೇ ಗತಿ. ಚಕ್ರದ ಪ್ರತಿ ಸುತ್ತಿಗೂ ಅದು ಒಮ್ಮೆ ಬಗ್ಗಿ ನೇರವಾಗುತ್ತದೆ. ಗಾಳಿ ಸರಿಯಿದ್ದರೆ ಸ್ವಲ್ಪ ಬಗ್ಗುತ್ತದೆ, ಕಡಿಮೆಯಿದ್ದರೆ ಬಹಳ ಬಗ್ಗುತ್ತದೆ, ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸಲ. ಒಳಗಿನ ದಾರಗಳು ಬಿಸಿಯೇರಿ ರಬ್ಬರಿನಿಂದ ಬಿಡುತ್ತಾ ಬರುತ್ತವೆ. ಹೊರಗೆ ಏನೂ ತಿಳಿಯದು. ಭಾರ, ವೇಗ, ಬೇಸಿಗೆಯ ಡಾಂಬರಿನ ಕಾವು ಮೂರೂ ಕೂಡಿದ ದಿನ ಟಯರು ಸಿಡಿಯುತ್ತದೆ.

ನಮ್ಮ ಸದಸ್ಯರೊಬ್ಬರಿಗೆ ಹೀಗೇ ಆಯಿತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಾರಿನಲ್ಲಿ ನಾಲ್ಕು ಜನ, ಹಿಂದೆ 50 ಕೆ.ಜಿ.ಯ ಮೂರು ಪಶು ಆಹಾರದ ಮೂಟೆ. ಹೆದ್ದಾರಿಯಲ್ಲಿ ಹಿಂದಿನ ಎಡಚಕ್ರ ಸಿಡಿದು ಕಾರು ಎಳೆದಾಡಿ ರಸ್ತೆ ಪಕ್ಕದ ಹೊಲಕ್ಕೆ ಇಳಿಯಿತು. ಪುಣ್ಯಕ್ಕೆ ಪ್ರಾಣಾಪಾಯ ಆಗಲಿಲ್ಲ. ಮಗಳ ಮುಂಗೈ ಮುರಿಯಿತು. ಎರಡು ದಿನದ ಮೇಲೆ ಅವರ ಹಸುವಿನ ಚಿಕಿತ್ಸೆಗೆ ಹೋದಾಗ ಟಯರು ಜಗುಲಿಯ ಪಕ್ಕದಲ್ಲಿ ಬಿದ್ದಿತ್ತು. "ಗಾಳಿ ಇತ್ತು ಸಾರ್, ಬೆಳಿಗ್ಗೆ ತಾನೆ ಒದ್ದು ನೋಡಿದ್ದೆ" ಎಂದರು. ನಮ್ಮ ಕಸುಬಿನಲ್ಲಿ ಮರಣೋತ್ತರ ಪರೀಕ್ಷೆಯ ಅಭ್ಯಾಸ ಇದೆಯಲ್ಲ, ಟಯರಿನ ಒಳಗೆ ಕೈಹಾಕಿ ನೋಡಿದೆ. ಪಕ್ಕೆಯ ಒಳಮೈಯಲ್ಲಿ ಸುತ್ತಲೂ ಬಳೆಯಂತೆ ಸವೆದ ಗುರುತು, ಕೈಗೆ ಕರಿ ಪುಡಿ. ಬಹಳ ದಿನ ಗಾಳಿ ಕಡಿಮೆಯಿದ್ದೇ ಓಡಿದ ಟಯರಿನ ಲಕ್ಷಣ ಅದು. ಪಂಕ್ಚರ್ ಅಂಗಡಿಯವರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ.

ಆ ಸದಸ್ಯರು ಟಯರನ್ನು ಕತ್ತರಿಸಿ ಸೈಲೇಜ್ ಗುಂಡಿಯ ಹೊದಿಕೆಯ ಮೇಲೆ ಭಾರಕ್ಕೆ ಇಡುವ ಯೋಚನೆಯಲ್ಲಿದ್ದರು. ಬೇಡ ಎಂದೆ, ನಿಮಗೂ ಹೇಳುತ್ತೇನೆ. ಈಗಿನ ರೇಡಿಯಲ್ ಟಯರುಗಳೊಳಗೆ ಕೂದಲೆಳೆಯಂಥ ಉಕ್ಕಿನ ತಂತಿಗಳಿರುತ್ತವೆ. ಕತ್ತರಿಸಿದ, ಸಿಡಿದ ಟಯರಿನಿಂದ ಅವು ಉದುರಿ ಮೇವಿಗೆ ಸೇರುತ್ತವೆ. ಹಸು ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ. ತಂತಿ ಎರಡನೇ ಹೊಟ್ಟೆಗೆ ಚುಚ್ಚಿ ಗುಂಡಿಗೆಯವರೆಗೆ ಹೋದರೆ ನಾನು ಬಂದೂ ಏನೂ ಮಾಡಲಾಗದು. ಗುಂಡಿಯ ಮೇಲಿನ ಭಾರಕ್ಕೆ ಮಣ್ಣಿನ ಮೂಟೆ ಸಾಕು.

ಬಿಸಿ, ಭಾರ, ಕಡಿಮೆ ಗಾಳಿ ಈ ಮೂರರ ಕೂಟ ಎಂಥದು ಎನ್ನುವುದನ್ನು ಅಮೆರಿಕದವರು ದೊಡ್ಡ ಬೆಲೆ ತೆತ್ತು ಕಲಿತರು. 2000ನೇ ಇಸವಿಯ ಆಗಸ್ಟಿನಲ್ಲಿ ಅಲ್ಲಿನ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟಯರುಗಳನ್ನು ವಾಪಸ್ ಪಡೆಯಬೇಕಾಯಿತು. ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಎಂಬ ಎತ್ತರದ ಗಾಡಿಗಳಲ್ಲಿ ಓಡುವಾಗಲೇ ಟಯರಿನ ಮೇಲ್ಪದರ ಕಿತ್ತುಬಂದು, ಗಾಡಿ ಮಗುಚಿ, ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಟಯರಿನ ರಚನೆಯಲ್ಲೇ ದೋಷವಿತ್ತೆಂದು ತನಿಖೆಯಲ್ಲಿ ಕಂಡುಬಂತು. ಆದರೆ ಅನಾಹುತಗಳು ಹೆಚ್ಚಾಗಿ ನಡೆದದ್ದು ಸೆಖೆ ಜಾಸ್ತಿಯಿರುವ ರಾಜ್ಯಗಳಲ್ಲಿ. ಗಾಡಿ ಮಾಡಿದವರು 26 ಪೌಂಡ್ ಸಾಕು ಎಂದಿದ್ದರು, ಟಯರು ಮಾಡಿದವರು ಆಮೇಲೆ 30 ಇರಲಿ ಎಂದರು. ನಾಲ್ಕು ಪೌಂಡಿನ ಮೇಲೆ ಎರಡು ದೊಡ್ಡ ಕಂಪನಿಗಳು ಜಗಳವಾಡಿದವು. ನಾವು ಹತ್ತು ಪೌಂಡ್ ಕಡಿಮೆಯಿದ್ದರೂ ನಿಶ್ಚಿಂತೆಯಿಂದ ಧರ್ಮಸ್ಥಳಕ್ಕೆ ಹೊರಡುತ್ತೇವೆ.

ಆ ಘಟನೆಯ ಫಲವಾಗಿ ಅಲ್ಲಿ ಕಾನೂನು ಬಂದು, ಗಾಳಿ ಇಳಿದರೆ ದೀಪ ಹತ್ತುವ ವ್ಯವಸ್ಥೆ 2007ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ನಮ್ಮಲ್ಲೂ ಈಗ ಹಲವು ಹೊಸ ಕಾರುಗಳಲ್ಲಿ ಈ ದೀಪವಿದೆ. ದೀಪ ಇದೆಯಲ್ಲ ಎಂದು ನಂಬಿ ಕೂರಬೇಡಿ. ಅಮೆರಿಕದ ನಿಯಮದ ಪ್ರಕಾರ ಅದು ಹತ್ತಬೇಕಾದದ್ದು ಗಾಳಿ ನಾಲ್ಕನೇ ಒಂದು ಭಾಗ ಕಡಿಮೆಯಾದ ಮೇಲೆ. 33 ಇರಬೇಕಾದಲ್ಲಿ 25ರ ಹತ್ತಿರ ಬರುವವರೆಗೆ ಅದು ಸುಮ್ಮನಿರಬಹುದು. ಜ್ವರ 105 ಡಿಗ್ರಿ ಆದಮೇಲೆ ಡಾಕ್ಟರಿಗೆ ಹೇಳಿಕಳಿಸಿದ ಹಾಗೆ.

ಹೆಚ್ಚು ಹಾಕಿದರೆ?

"ಒಂದೆರಡು ಪೌಂಡ್ ಜಾಸ್ತಿಯೇ ಇರಲಿ" ಎಂದು ಹೇಳಿ ನಲವತ್ತು ನಲವತ್ತೈದು ಹಾಕಿಸುವವರೂ ಇದ್ದಾರೆ. ಟಯರು ಉಬ್ಬಿ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ನಡು ಬೇಗ ಸವೆಯುತ್ತದೆ, ಹಳ್ಳಕ್ಕೆ ಬಿದ್ದಾಗ ಪೆಟ್ಟು ನೇರ ಗಾಡಿಗೆ ಬಡಿಯುತ್ತದೆ, ಹಿಡಿತವೂ ಕಡಿಮೆ. ಟಯರು ಸವೆದ ರೀತಿ ನೋಡಿಯೇ ಯಜಮಾನನ ಅಭ್ಯಾಸ ಹೇಳಬಹುದು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡು ಸವೆದಿದ್ದರೆ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಅದು ಗಾಳಿಯ ದೋಷವಲ್ಲ, ಚಕ್ರದ ಅಲೈನ್‌ಮೆಂಟ್ ನೋಡಿಸಿ. ಯಾವುದೇ ಸವೆತವಾದರೂ ಕಾರಿನ ಟಯರಿನ ಗೀರು 1.6 ಮಿ.ಮೀ.ಗಿಂತ, ದ್ವಿಚಕ್ರದ್ದು 0.8 ಮಿ.ಮೀ.ಗಿಂತ ತೆಳುವಾದರೆ ಮೋಟಾರು ವಾಹನ ನಿಯಮದ ಪ್ರಕಾರ ಅದು ರಸ್ತೆಗೆ ಇಳಿಯುವ ಹಾಗಿಲ್ಲ.

ಗಾಳಿ ಸರಿಯಿದ್ದರೆ ಪೆಟ್ರೋಲ್ ಬಹಳ ಉಳಿಯುತ್ತದೆ ಎಂದು ದೊಡ್ಡದಾಗಿ ಹೇಳುವುದುಂಟು. ನಾನು ಅಷ್ಟು ಹೇಳಲಾರೆ. ನಾಲ್ಕೂ ಚಕ್ರದ ಸರಾಸರಿ ಒಂದು ಪೌಂಡ್ ಇಳಿದರೆ ಸುಮಾರು ಶೇ. 0.2ರಷ್ಟು ಇಂಧನ ಹೆಚ್ಚು ಬೇಕು ಎಂಬುದು ಅಮೆರಿಕ ಸರ್ಕಾರದ ಇಂಧನ ಇಲಾಖೆಯ ಲೆಕ್ಕ. ತಿಂಗಳಿಗೆ 1,000 ಕಿ.ಮೀ. ಓಡುವ, ಲೀಟರಿಗೆ 18 ಕಿ.ಮೀ. ಕೊಡುವ ಕಾರಿನಲ್ಲಿ ಎಂಟು ಪೌಂಡ್ ಕಡಿಮೆಯಿದ್ದರೆ ನಷ್ಟ ತಿಂಗಳಿಗೆ ಒಂದು ಲೀಟರಿನ ಒಳಗೆ. ದೊಡ್ಡ ನಷ್ಟ ಟಯರಿನದು. ಅದಕ್ಕಿಂತ ದೊಡ್ಡದು ಒಳಗೆ ಕುಳಿತವರದು.

ಎಷ್ಟು ಹಾಕಬೇಕು?

ಈ ಪ್ರಶ್ನೆಗೆ ಗಾಳಿ ಅಂಗಡಿಯ ಹುಡುಗನ ಉತ್ತರ ಬೇಡ, ನೆರೆಮನೆಯವರದೂ ಬೇಡ. ಕಾರಿನ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಕೆಲವು ಗಾಡಿಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಂತೂ ಇದ್ದೇ ಇರುತ್ತದೆ. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು, ಭಾರ ತುಂಬಿದಾಗ ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 36 ಪೌಂಡಿನ ಒಳಗೆ ಇರುತ್ತದೆಯಾದರೂ ನಿಮ್ಮ ಗಾಡಿಯ ಚೀಟಿ ಹೇಳಿದ್ದೇ ಪ್ರಮಾಣ. ಟಯರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಒತ್ತಡದ ಅಂಕಿಯನ್ನು ನೋಡಿ ಗಾಳಿ ಹಾಕಿಸುವುದು ತಪ್ಪು. ಅದು ಆ ಟಯರು ತಡೆಯುವ ಗರಿಷ್ಠ ಮಿತಿ.

ಭಾರದ ಅಂಕಣವನ್ನು ನಮ್ಮವರು ಗಮನಿಸುವುದೇ ಇಲ್ಲ. ಮೂರು ಮೂಟೆ ಎಂದರೆ 150 ಕೆ.ಜಿ., ಅದು ಹೆಚ್ಚಾಗಿ ಹಿಂದಿನ ಎರಡು ಚಕ್ರದ ಮೇಲೆಯೇ ಬೀಳುತ್ತದೆ. ಮೂಟೆ ತರಲು ಹೊರಡುವ ದಿನ, ನೆಂಟರನ್ನೆಲ್ಲ ಕೂರಿಸಿಕೊಂಡು ದೂರ ಹೋಗುವ ದಿನ, ಪುಸ್ತಕದಲ್ಲಿ ಭಾರಕ್ಕೆ ಹೇಳಿರುವಷ್ಟು ಹಾಕಿಸಿ. ಭಾರ ಇಳಿಸಿದ ಮೇಲೆ ಮೊದಲಿನ ಅಂಕಿಗೆ ತನ್ನಿ.

ಯಾವಾಗ, ಹೇಗೆ?

ಹೊತ್ತು ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಟಯರು ತಣ್ಣಗಿರಬೇಕು, ಅಂದರೆ ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು. ಇದನ್ನು ಅರ್ಥ ಮಾಡಿಸಲು ನಮ್ಮ ಸಂಘದ ಲ್ಯಾಕ್ಟೋಮೀಟರ್ ಸಾಕು. ಕರೆದ ಬಿಸಿ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟರೆ ಡಿಗ್ರಿ ಕಡಿಮೆ ತೋರಿಸುತ್ತದೆ, ಅದಕ್ಕೇ ಹಾಲಿನ ಉಷ್ಣತೆ ನೋಡಿ ಲೆಕ್ಕ ಸರಿಪಡಿಸುತ್ತೇವೆ. ಟಯರಿನಲ್ಲಿ ಇದು ತಿರುಗುಮುರುಗು. ಓಡಿ ಬಿಸಿಯಾದ ಟಯರು ನಾಲ್ಕೈದು ಪೌಂಡ್ ಹೆಚ್ಚು ತೋರಿಸುತ್ತದೆ. ಮೂವತ್ತು ಕಿಲೋಮೀಟರ್ ಓಡಿಸಿ ಬಂಕಿನಲ್ಲಿ ನೋಡಿ, "ಹೆಚ್ಚಿದೆ" ಎಂದು ಗಾಳಿ ಬಿಡಿಸಿದರೆ, ತಣ್ಣಗಾದ ಮೇಲೆ ಅದು ಬೇಕಾದ್ದಕ್ಕಿಂತ ಕಡಿಮೆಯಾಗಿರುತ್ತದೆ. ಬಿಸಿ ಟಯರಿನಿಂದ ಗಾಳಿ ಬಿಡಬಾರದು ಎನ್ನುವುದು ಇದಕ್ಕೇ.

ಬಂಕು ಊರಿನಿಂದ ದೂರವಿರುವವರಿಗೆ ಒಂದು ಉಪಾಯವಿದೆ. ಮನೆಯಲ್ಲೇ ಬೆಳಿಗ್ಗೆ ಅಳೆಯಿರಿ. 33 ಇರಬೇಕಾದ ಚಕ್ರದಲ್ಲಿ 28 ಇದ್ದರೆ ಐದು ಕಡಿಮೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಂಕಿಗೆ ಹೋದಾಗ ಅದು ಬಿಸಿಯಾಗಿ 31 ತೋರಿಸಿದರೂ ಸರಿ, ಅದರ ಮೇಲೆ ಐದು ಸೇರಿಸಿ 36 ಮಾಡಿಸಿ. ಮರುದಿನ ಬೆಳಿಗ್ಗೆ 33ರ ಆಸುಪಾಸಿಗೆ ಬಂದಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿಯನ್ನು ಪುಕ್ಕಟೆ ಕೊಡಬೇಕೆಂಬ ನಿಯಮವಿದೆ, ಕೇಳಲು ಸಂಕೋಚ ಬೇಡ.

ಮನೆಯಲ್ಲಿ ಅಳೆಯಲು ಗೇಜು ಬೇಕು. ಬೆಲೆ ಒಂದು ಮೂಟೆ ಪಶು ಆಹಾರಕ್ಕಿಂತ ಎಷ್ಟೋ ಕಡಿಮೆ. ಹಾಲನ್ನು ನೋಡಿಯೇ ಫ್ಯಾಟು ಹೇಳುತ್ತೇನೆ ಎಂದು ಕಾರ್ಯದರ್ಶಿ ಹೇಳಿದರೆ ನೀವು ಒಪ್ಪುತ್ತೀರಾ? ಟಯರನ್ನು ಒದ್ದು ಗಾಳಿ ಹೇಳುವುದೂ ಅಂಥದೇ. ರೇಡಿಯಲ್ ಟಯರು ಸರಿಯಾದ ಗಾಳಿಯಲ್ಲೂ ಪಕ್ಕೆಯಲ್ಲಿ ಸ್ವಲ್ಪ ಉಬ್ಬಿಯೇ ಕಾಣುತ್ತದೆ. ಎಂಟು ಹತ್ತು ಪೌಂಡ್ ಇಳಿದರೂ ಕಣ್ಣಿಗೆ ವ್ಯತ್ಯಾಸ ಹತ್ತುವುದು ಕಷ್ಟ.

ಹದಿನೈದು ದಿನಕ್ಕೊಮ್ಮೆ ನೋಡಿದರೆ ಒಳ್ಳೆಯದು, ತಿಂಗಳು ದಾಟಲೇಬಾರದು. ತೂತಿಲ್ಲದ ಒಳ್ಳೆಯ ಟಯರಿನಿಂದಲೂ ರಬ್ಬರಿನ ಮೂಲಕ ತಿಂಗಳಿಗೆ ಸುಮಾರು ಒಂದು ಪೌಂಡ್ ಗಾಳಿ ಹೊರಹೋಗುತ್ತಿರುತ್ತದೆ. ಹವೆ 10 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಇನ್ನೊಂದೂವರೆ ಪೌಂಡ್ ಇಳಿಯುತ್ತದೆ. ಏಪ್ರಿಲಿನಲ್ಲಿ ಹಾಕಿಸಿ ಮರೆತವರು ಡಿಸೆಂಬರಿನ ಚಳಿಯಲ್ಲಿ ಅಳೆದರೆ ಹತ್ತು ಪೌಂಡ್ ಕಾಣೆಯಾಗಿರುವುದು ಆಶ್ಚರ್ಯವಲ್ಲ. ನಾಲ್ಕರಲ್ಲಿ ಒಂದು ಮಾತ್ರ ಬೇಗ ಬೇಗ ಇಳಿಯುತ್ತಿದ್ದರೆ ಮೊಳೆ ಇರಬಹುದು. ಟ್ಯೂಬಿಲ್ಲದ ಟಯರಿನಲ್ಲಿ ಮೊಳೆ ಚುಚ್ಚಿದರೂ ಗಾಳಿ ದಿನಗಟ್ಟಲೆ ಮೆಲ್ಲಗೆ ಹೋಗುತ್ತಿರುತ್ತದೆ, ಓಡಿಸುವವರಿಗೆ ತಿಳಿಯುವುದಿಲ್ಲ. ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ವಾಲ್ವಿನ ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕಿ, ಧೂಳು ಕುಳಿತೇ ಅದು ಸೋರಲು ಶುರುವಾಗುವುದು. ಸ್ಟೆಪ್ನಿಯನ್ನೂ ಅದೇ ದಿನ ಅಳೆಯಿರಿ. ಬೇಕಾದ ಹೊತ್ತಿಗೆ ಅದೂ ಚಪ್ಪಟೆಯಾಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ನೈಟ್ರೋಜನ್ ಗಾಳಿ ಹಾಕಿಸಬೇಕೇ ಎಂದು ತರಬೇತಿ ಶಿಬಿರದಲ್ಲಿ ಒಬ್ಬರು ಕೇಳಿದರು. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಪೂರ್ತಿ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಇಳಿಯುತ್ತದೆ, ಅಷ್ಟೆ. ದುಡ್ಡು ಕೊಟ್ಟು ಹಾಕಿಸಿದರೂ ಅಳೆಯುವುದು ತಪ್ಪುವುದಿಲ್ಲ.

ಬೈಕು, ಗೂಡ್ಸ್ ಗಾಡಿ, ಎತ್ತಿನ ಗಾಡಿ

ಹಾಲು ತರುವ ಬೈಕು, ಮೊಪೆಡ್ಡುಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಇರುವುದೇ ಎರಡು ಚಕ್ರ. 40 ಲೀಟರಿನ ತುಂಬಿದ ಕ್ಯಾನಿನಲ್ಲಿ ಹಾಲೇ 41 ಕೆ.ಜಿ. ತೂಗುತ್ತದೆ, ಕ್ಯಾನಿನ ತೂಕ ಬೇರೆ. ಎರಡು ಕ್ಯಾನ್ ಕಟ್ಟಿದರೆ ಒಬ್ಬ ದಢೂತಿ ಆಳು ಹಿಂದೆ ಕುಳಿತ ಹಾಗೆ. ಹಿಂದಿನ ಚಕ್ರಕ್ಕೆ ಪುಸ್ತಕದಲ್ಲಿ ಇಬ್ಬರು ಕುಳಿತಾಗ ಎಂದು ಹೇಳಿರುವಷ್ಟು ಗಾಳಿ ಇರಲೇಬೇಕು. ಹೆಚ್ಚು ಗಾಳಿ ಹಾಕಿ ಮೂರನೇ ಕ್ಯಾನ್ ಕಟ್ಟಬಹುದು ಎಂದು ಇದರ ಅರ್ಥವಲ್ಲ. ಸಾಯಂಕಾಲದ ಹಾಲು ದಾರಿಯಲ್ಲಿ ಪಂಕ್ಚರಾಗಿ ನಿಂತರೆ ಸಂಘದ ಹೊತ್ತು ಮೀರುತ್ತದೆ, ಹಾಲೂ ಹುಳಿಯಾಗುತ್ತದೆ. ಆ ದಿನದ ದುಡಿಮೆ ಚರಂಡಿಗೆ.

ಗೂಡ್ಸ್ ಗಾಡಿಯಲ್ಲಿ ಹಸು ಸಾಗಿಸುವಾಗ ಇನ್ನೊಂದು ಎಚ್ಚರಿಕೆ. ಮೂಟೆ ಇಟ್ಟಲ್ಲಿ ಇರುತ್ತದೆ, 400 ಕೆ.ಜಿ.ಯ ಮಿಶ್ರತಳಿ ಹಸು ತಿರುವಿನಲ್ಲಿ ವಾಲುತ್ತದೆ. ಒಂದು ಪಕ್ಕದ ಟಯರು ಮೆತ್ತಗಿದ್ದರೆ ಗಾಡಿಯೂ ಅತ್ತಲೇ ವಾಲುತ್ತದೆ. ಹಗ್ಗ ಬಿಗಿದು ನೋಡುವ ಹೊತ್ತಿಗೇ ಗಾಳಿಯನ್ನೂ ಅಳೆದುಬಿಡಿ. ಟ್ರ್ಯಾಕ್ಟರಿನ ಲೆಕ್ಕ ಬೇರೆ. ಗದ್ದೆಯ ಕೆಲಸದಲ್ಲಿ ಹಿಂದಿನ ದೊಡ್ಡ ಚಕ್ರಕ್ಕೆ ಕಾರಿನ ಅರ್ಧದಷ್ಟೂ ಒತ್ತಡ ಬೇಡ, ಟ್ರೈಲರಿಗೆ ಕಾರಿಗಿಂತ ಹೆಚ್ಚು ಬೇಕು. ಮೂರಕ್ಕೂ ಒಂದೇ ಅಂಕಿ ಹಾಕಿಸಬೇಡಿ.

ಕಬ್ಬು ಸಾಗಿಸುವ ಟಯರು ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಗಾಳಿ ಕಡಿಮೆಯಾದ ಕಾರು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಗಾಳಿ ಕಡಿಮೆಯಾದ ಗಾಡಿಯ ಖರ್ಚನ್ನು ಎತ್ತುಗಳು ಕೊಡುತ್ತವೆ. ಒಂದು ಚಕ್ರ ಮಾತ್ರ ಮೆತ್ತಗಿದ್ದರೆ ಗಾಡಿ ಆ ಪಕ್ಕಕ್ಕೆ ಎಳೆಯುತ್ತದೆ, ನೊಗ ಓರೆಯಾಗಿ ಹೆಗಲಿಗೆ ಉಜ್ಜುತ್ತದೆ. ಹೆಗಲು ಬಾತು ಹುಣ್ಣಾಗಿದೆ, ಮುಲಾಮು ಕೊಡಿ ಎಂದು ಕಬ್ಬಿನ ಕಾಲದಲ್ಲಿ ಬಹಳ ಜನ ಬರುತ್ತಾರೆ. ಮುಲಾಮು ಕೊಡುತ್ತೇನೆ. ಬರುವ ಮೊದಲು ಎರಡೂ ಚಕ್ರದ ಗಾಳಿ ಅಳೆಸಿಕೊಂಡು ಬನ್ನಿ.